ಬಿಸಿಲಿಗೆ ಹಚ್ಚಿದ ಫಾಲು

ಸ್ಟೇಷನ್ ರಸ್ತೆಯ ತಿರುವಿನಲ್ಲಿ ತನ್ನ ದನಿಯೇ ತನಗೆ ಎದುರಾಗಿ ಬಂದಾಗ ಸುಮಧ್ವ, ಒಲ್ಲದ ನೆಂಟನನ್ನು ಕಂಡವನ ಹಾಗೆ, ಪಾನ್ ಅಂಗಡಿಯ ಮರೆಗೆ ಸರಿದ. ದನಿ ಬಂದದ್ದು ವಾಡಿ ಊರಿಗೆ ಹೊರಟಿದ್ದ ಒಂದು ಟಂಟಂ ಆಟೊದಿಂದ. ಅದರೊಳಗೆ ಯಾವುದೋ ಹಳೆಯ ವಿರಹದ ಹಾಡು ಅಳುತ್ತಿತ್ತು. ಅಳುವವಳ ಕೈಹಿಡಿದು ಕುಣಿಸಿದಂತೆ ಅದರ ಕೆಳಗೆ ಢೋಲಿನ ಹೊಡೆತ. ಪಲ್ಲವಿ ಮುಗಿದು ಚರಣ ಶುರುವಾಗುವ ಸಂದಿಯಲ್ಲಿ, ಬಾವಿಗೆ ಬಿದ್ದವನು ತನ್ನ ವಿಳಾಸ ಹೇಳಿದಂತೆ, 'ಸುಮಧ್ವ ಮಿಕ್ಸಿಂಗ್, ಶಹಾಬಾದ... ಬಾದ... ಬಾದ...' ಈ ಕೂಗನ್ನು ವರ್ಷಗಳಿಂದ ಅವನೇ ಪ್ರತಿ ಹಾಡಿನ ನಡುವೆ ಸಿಕ್ಕಿಸುತ್ತ ಬಂದಿದ್ದ. ಸಿಕ್ಕಿಸದಿದ್ದರೆ ಅವನ ಮಿಕ್ಸಿಂಗನ್ನು ಬೇರೆ ಊರಿನ ಕ್ಯಾಸೆಟ್ಟಿನ ಅಂಗಡಿಯವರು ತಮ್ಮದೆಂದು ಮಾರಿಬಿಡುತ್ತಿದ್ದರು. ಹಾಗಾಗಿ ಸೇಡಂನಿಂದ ಚಿಂಚೋಳಿಯವರೆಗೆ ಯಾವ ಮದುವೆಯ ಮೆರವಣಿಗೆ ಹೊರಟರೂ ಮದುಮಗನಿಗಿಂತ ಮೊದಲು ಅವನ ಹೆಸರು ಬೀದಿಗೆ ಬರುತ್ತಿತ್ತು. ಮೊದಮೊದಲು ಅದು ಕಿವಿಗೆ ಬಿದ್ದರೆ ಎದೆ ಉಬ್ಬುತ್ತಿತ್ತು. ಈಚೆಗೆ ಕಿವಿ ಬಿಸಿಯಾಗುತ್ತದೆ. ಯಾರೋ ಕಷ್ಟಪಟ್ಟು ಹಾಡಿದ್ದಕ್ಕೆ ತಾನು ಬಾಲ ಹಚ್ಚಿ, ಬಾಲದ ಮೇಲೆ ಹೆಸರು ಬರೆದುಕೊಂಡು ಊರೆಲ್ಲ ಓಡಾಡಿಸಿದೆನಲ್ಲ ಎನ್ನಿಸುತ್ತದೆ.

ಟಂಟಂ ಹೋಯಿತು. ಪಾನ್ ಅಂಗಡಿಯವನು, 'ಏನ್ರಿ ಮಿಕ್ಸಿಂಗ್ ಆಚಾರ್ರ, ಮುಂಜಾನಿ ಮುಂಜಾನಿ ಇಲ್ಲಿ?' ಎಂದ. ಸುಮಧ್ವ ಬೇಡದ ಒಂದು ಅಡಿಕೆ ಚೂರನ್ನು ಬಾಯಿಗೆ ಹಾಕಿಕೊಂಡು ಭಂಕೂರದ ದಾರಿ ಹಿಡಿದ. ಹೆಗಲ ಚೀಲದಲ್ಲಿ, ಸೋದರತ್ತೆಯ ಮಡಿ ವಸ್ತ್ರವನ್ನು ಯಾರಿಗೂ ಹೇಳದೆ ಎತ್ತಿಕೊಂಡು ಬಂದು ಅದರಲ್ಲಿ ಸುತ್ತಿದ ಒಂದು ಸಿ.ಡಿ. ಇತ್ತು. ಅದರಲ್ಲಿದ್ದ ಯಾವ ಹಾಡೂ ಇನ್ನೊಬ್ಬರ ಹಾಡಿನ ಮೇಲೆ ಹತ್ತಿ ಕೂತದ್ದಲ್ಲ. ಎಲ್ಲವೂ ಈ ನೆಲದಲ್ಲಿ, ಈ ಎರಡು ವರ್ಷದಲ್ಲಿ, ಅವನ ಕಣ್ಣೆದುರೇ ಹುಟ್ಟಿದವು. ಆಲ್ಬಮ್ಮಿನ ಹೆಸರು 'ಫರಸಿ'. ಮನೆಮನೆಯ ನೆಲಕ್ಕೆ ಹಾಸುವ ಇಲ್ಲಿನ ಕಲ್ಲಿನ ಹೆಸರನ್ನೇ ಇಟ್ಟಿದ್ದ. ಇವತ್ತು ಭಂಕೂರದ ಖಂಡೆಪ್ಪನ ಮೊಮ್ಮಗಳ ಮದುವೆಯಲ್ಲಿ, ಸುಲೇಪೇಟದ ಬೀಗರನ್ನು ಎದುರುಗೊಳ್ಳುವ ಮೆರವಣಿಗೆಯಲ್ಲಿ, ಅದು ಮೊದಲ ಸಲ ನಾಲ್ಕು ಜನರ ಕಿವಿಗೆ ಬೀಳಲಿತ್ತು. ಬಿದ್ದಮೇಲೆ ಜನ 'ಇದು ನಿನ್ನದು' ಅನ್ನಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಅಷ್ಟೇ ಎಂದರೂ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ.

ಬೆಳಿಗ್ಗೆ ಅವಲಕ್ಕಿ ತಿನ್ನುವಾಗಲೇ ರುಕ್ಮಿಣಿಬಾಯಿ ಅವನ ಹುರುಪಿನ ಮೇಲೆ ನೀರು ಚಿಮುಕಿಸಿದ್ದಳು. ಅವನ ತಂದೆಯ ಅಕ್ಕ ಆಕೆ. ತುಳಸಿಯ ಮುಂದೆ ದಿನಕ್ಕೊಂದು ದಾಸರ ಪದ ಹಾಡದೆ ನೀರು ಮುಟ್ಟುವವಳಲ್ಲ. ಆಲ್ಬಮ್ಮಿನಲ್ಲಿ ಒಂದಾದರೂ ಕೇಳು ಎಂದು ಸುಮಧ್ವ ಗೋಗರೆದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಬಷೀರಾಳ ಹಾಡು ಕೇಳಿಸಿದ್ದ. ಆಕೆ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ತೊಡೆಯ ಮೇಲೆ ಬೆರಳು ತಾಳ ಹಾಕಿದ್ದನ್ನು ಅವನು ಕದ್ದು ನೋಡಿದ. ಮುಗಿದಮೇಲೆ ಆಕೆ, ಇನ್ನೂ ಏನೋ ಬರಬೇಕು ಎನ್ನುವಂತೆ, ಹಾಗೆಯೇ ಕೂತಳು.

'ಮುಗೀತು, ಅತ್ಯಾ.'

'ಮುಗೀತು? ಅಂಕಿತ ಎಲ್ಲದನೋ?'

'ಇದು ದಾಸರ ಪದ ಅಲ್ಲ ಅತ್ಯಾ. ಇದಕ್ಕ ಅಂಕಿತ ಗಿಂಕಿತ ಇರಂಗಿಲ್ಲ.'

'ಯಾಕ ಇರಂಗಿಲ್ಲ? ಯಾರ ಪದ ಅಂತ ಕಡೀಗೆ ಹೇಳಿ ಮುಗಿಸಬೇಕಪ. ಇಲ್ಲಾಂದ್ರ ಕೇಳಿದವರಿಗೆ ಹೆಂಗ ಗೊತ್ತಾಗಬೇಕು? ನೀ ಮಾಡೋ ಆ ಹಾಳು ಢಂ ಢಂದಾಗರೆ ನಿನ್ನ ಹೆಸರು ಕೂಗ್ತಿ. ಅದಕ್ಕಿದ್ದ ಮರ್ಯಾದಿ ಇದಕ್ಕ ಇಲ್ಲೇನು?'

ಅವನು ನಕ್ಕುಬಿಟ್ಟ. ದಾಸರಿಗೂ ತನಗೂ ಒಂದೇ ಗಂಟು ಹಾಕಿದಳಲ್ಲ ಎಂದು ನಗು. ಆದರೆ ನಗುವಿನ ಹಿಂದೆಯೇ, ಹಲ್ಲಿನ ಸಂದಿಗೆ ಸಿಕ್ಕಿದ ಅವಲಕ್ಕಿಯ ಹಾಗೆ, ಇನ್ನೊಂದು ಮಾತು ಸಿಕ್ಕಿಕೊಂಡಿತು. ಏಕೆಂದರೆ ಬಷೀರಾ ಕೂಡ ಹೆಚ್ಚುಕಡಿಮೆ ಇದನ್ನೇ ಕೇಳಿದ್ದಳು.

ಬಷೀರಾ ಸೀರೆಗಳಿಗೆ ಫಾಲ್ ಹಚ್ಚುವವಳು, ಪೀಕೊ ಮಾಡುವವಳು. ಮಸೂತಿಯ ಹಿಂದಿನ ಓಣಿಯಲ್ಲಿ ಅವಳ ಮನೆ. ಅವಳ ತಾಯಿ ಮಾಶಾಬಿ ಢೋಲಕ್ ಹಿಡಿದು ಕೂತರೆ ಶಹಾಬಾದಿನ ಯಾವ ಜಾತಿಯ ಮದುವೆಯಾದರೂ ಹೆಂಗಸರ ಹಾಡು ಕಳೆಗಟ್ಟುತ್ತಿತ್ತು. ತಾಯಿ ಬಾರಿಸುವುದು, ಮಗಳು ಹಾಡುವುದು. ಬೀಗರ ಹೆಸರು ಸೇರಿಸಿ ಕಾಲೆಳೆಯುವ ಹಾಡುಗಳಲ್ಲಿ ಅವಳಿಗೆ ಸಮ ಇಲ್ಲ. ಬಂದವರ ಹೆಸರು ಕೇಳಿಕೊಂಡು, ಅಲ್ಲೇ ಕಟ್ಟಿ, ಅಲ್ಲೇ ಹಾಡಿ, ಬೀಗತಿಯರಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯದ ಹಾಗೆ ಮಾಡಿಬಿಡುತ್ತಿದ್ದಳು. ಆಲ್ಬಮ್ಮಿಗೆ ಒಂದು ಹಾಡು ಬೇಕೆಂದು ಸುಮಧ್ವ ಕೇಳಲು ಹೋದಾಗ ಅವಳು ಅವನ ರೆಕಾರ್ಡಿಂಗ್ ಅಂಗಡಿಗೆ ಬರಲು ಒಪ್ಪಲಿಲ್ಲ. 'ಗಿರಾಕಿ ಬರ್ತಾರ, ಮಷಿನ್ ಬಿಟ್ಟು ನಾ ಎಲ್ಲೂ ಬರಂಗಿಲ್ಲ ಭಾಯಿ' ಎಂದಳು. ಅದಕ್ಕೆ ಅವನೇ ಮೈಕು, ವೈರು, ಗಂಟುಮೂಟೆ ಹೊತ್ತು ಅವಳ ಮನೆಗೆ ಹೋದ. ಅವಳು ಮಷಿನ್ ತುಳಿಯುತ್ತಲೇ ಗುನುಗಿದಳು. ಮಷಿನ್ನಿನ ಟಕಟಕ ಮೈಕಿಗೆ ಬಿತ್ತು. ಅದನ್ನು ತೆಗೆದುಹಾಕಬೇಕೆಂದು ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತವನು, ತೆಗೆಯಲು ಹೋಗಿ, ನಿಲ್ಲಿಸಿ, ಇನ್ನೊಮ್ಮೆ ಕೇಳಿ, ಬೇರೆ ತಾಳವೇ ಬೇಡವೆಂದು ಅದನ್ನೇ ಇಟ್ಟುಕೊಂಡ. ಅದರ ಮೇಲೆ ಫರಸಿ ಕಲ್ಲಿನ ನಾದ ಕೂಡಿಸಿದ. ತೆಳುವಾದ ಹಾಸುಗಲ್ಲನ್ನು ದಾರದಲ್ಲಿ ತೂಗಿಬಿಟ್ಟು ಬೆರಳ ಗೆಣ್ಣಿನಿಂದ ತಟ್ಟಿದರೆ ಒಂದೊಂದು ಒಂದೊಂದು ಸ್ವರ ಹೇಳುತ್ತದೆ. ಅದಕ್ಕಾಗಿ ಒಡೆದ ಕಲ್ಲುಗಳನ್ನು ಕೊಟ್ಟವನು ಇದೇ ಖಂಡೆಪ್ಪ. ಭಂಕೂರದಲ್ಲಿ ಅವನದು ಕಲ್ಲು ಪಾಲಿಷ್ ಮಾಡುವ ಕಾರಖಾನೆ. 'ಒಡದ ಕಲ್ಲು ಒಯ್ದು ಏನು ಮಾಡ್ತೀರಿ ಆಚಾರ್ರ, ಅಡಗಿ ಮಾಡ್ತೀರೇನು?' ಎಂದು ನಗಾಡಿದ್ದ.

ಹಾಡು ಬಷೀರಾಳೇ ಕಟ್ಟಿದ್ದು. ಫಾಲ್ ಎಂದರೆ ಸೀರೆಯ ಅಂಚು ಹರಿಯದಿರಲೆಂದು ಒಳಗಡೆ ಹಚ್ಚುವ ಪಟ್ಟಿ. ಗಂಡ ಬಿಸಿಲಲ್ಲಿ ದುಡಿದು ಮನೆಗೆ ಬರುತ್ತಾನೆ, ಬಿಸಿಲನ್ನೂ ಹೆಗಲ ಮೇಲೆ ಹೊತ್ತು ತರುತ್ತಾನೆ, ಹೆಂಡತಿ ಹೇಳುತ್ತಾಳೆ:

ನೀ ತಂದ ಬಿಸಲಿನ ಅಂಚು ಹರದಾದ,
ಕುಂದ್ರು ಜರಾ, ಫಾಲ್ ಹಚ್ಚತೀನಿ.

ಹಾಡಿ ಮುಗಿಸಿದ ದಿನ ಬಷೀರಾ ಸೂಜಿಗೆ ದಾರ ಪೋಣಿಸುತ್ತ, ಅವನ ಮುಖ ನೋಡದೆ ಕೇಳಿದ್ದಳು: 'ಭಾಯಿ, ನನ್ನ ಹೆಸರು ಬರ್ತದಲ್ಲ?'

'ಬರ್ತದ ಆಪಾ. ಕವರಿನ ಮ್ಯಾಲೆ ದೊಡ್ಡದಾಗಿ ಬರ್ತದ.'

'ಕವರ್ ಯಾರು ಕೇಳ್ತಾರ? ಹಾಡಿನಾಗ ಬರ್ತದೇನಂತ ಕೇಳಿದೆ. ನಿಮ್ಮದು ಕೂಗ್ತಾರಲ್ಲ, ಹಂಗ. ಇಷ್ಟು ವರ್ಷ ಆತು, ಕಂಡವರ ಹೆಸರೆಲ್ಲಾ ಹಾಡೀನಿ. ಬೀಗರದು, ಬೀಗತಿದು, ಅವರ ಎಮ್ಮಿದೂ ಹಾಡೀನಿ. ನಂದು ಒಮ್ಮಿನೂ ಬಂದಿಲ್ಲ.'

ಆಗ ಅವನು ದೊಡ್ಡ ಮನುಷ್ಯನ ಹಾಗೆ ಒಂದು ಭಾಷಣ ಮಾಡಿದ್ದನ್ನು ನೆನೆದರೆ ಈಗಲೂ ಭಂಕೂರದ ರಸ್ತೆಯಲ್ಲಿ ಹೆಜ್ಜೆ ತಪ್ಪುತ್ತದೆ. ಮುಂಬಯಿಯ ಕಂಪನಿಗಳ ಆಲ್ಬಮ್ಮುಗಳನ್ನು ನೋಡು ಆಪಾ, ಹಾಡಿದವರು ಕವರಿನ ಮೇಲೆ ಕೂದಲು ಹಾರಿಸಿಕೊಂಡು ನಿಂತಿರುತ್ತಾರೆ, ಎಷ್ಟು ಘನವಾಗಿರುತ್ತವೆ, ಅದರಲ್ಲಿ ಯಾರಾದರೂ ನಡುವೆ ಬಾಯಿ ಹಾಕಿ ಹೆಸರು ಕೂಗುತ್ತಾರೆಯೆ? ಅದು ರಿಮಿಕ್ಸಿನವರ ಚಾಳಿ. ನಮ್ಮದು ಅಸಲಿ ಮಾಲು. ಅಸಲಿಗೆ ಕೂಗು ಬೇಕಾಗುವುದಿಲ್ಲ. ಬಷೀರಾ ದಾರವನ್ನು ಹಲ್ಲಿನಿಂದ ಕಡಿದು, 'ಹಂಗೇನು?' ಎಂದಳು. ಫೋಟೋಗೂ ಅವಳು ಒಪ್ಪಲಿಲ್ಲವಾದ್ದರಿಂದ ಕವರಿನ ಮೇಲೆ ಒಂದು ಫರಸಿ ಕಲ್ಲು, ಅದರ ಮೇಲೆ ಅವಳ ಕತ್ತರಿ. ಚಿತ್ರ ಚೆನ್ನಾಗಿಯೇ ಬಂದಿತ್ತು. ಯಾರೋ ಕಲ್ಲು ಕತ್ತರಿಸಲು ಹೊರಟಿದ್ದಾರೆ ಎಂದು ನೋಡಿದವರೆಲ್ಲ ತಿಳಿದುಕೊಂಡರು.

ಖಂಡೆಪ್ಪನ ಮನೆಯ ಮುಂದೆ ಟೆಂಪೊದ ಮೇಲೆ ಸ್ಪೀಕರುಗಳನ್ನು ಕಟ್ಟಿ ಮುಗಿಸಿದ್ದ ಅಜಯಕುಮಾರ, ಅವುಗಳ ನಡುವೆ ತಾನೂ ಒಂದು ಸ್ಪೀಕರಿನ ಹಾಗೆ ಕೂತು ಚಹಾ ಕುಡಿಯುತ್ತಿದ್ದ. 'ಅಜಯ ಸೌಂಡ್' ಅವನದೇ. ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನವರು. ಆಲ್ಬಮ್ಮಿನಲ್ಲಿ ಅವನದೂ ಒಂದು ಹಾಡಿತ್ತು: ಮೈಕ್ ಪರೀಕ್ಷೆ ಮಾಡುವಾಗ ಅವನು ಹೇಳುವ 'ಹಲೋ ಚೆಕ್, ಹಲೋ ಹಲೋ'ವನ್ನೇ ಸುಮಧ್ವ ಹಿಂದೆ ಮುಂದೆ ಮಾಡಿ, ಉತ್ತರ ಬಾರದ ಪ್ರೇಮಿಯೊಬ್ಬನ ಕರೆಯನ್ನಾಗಿ ಮಾಡಿದ್ದ. ಸುಮಧ್ವನ ಚಿಕ್ಕಪ್ಪನ ಮಗಳು, ಸೇಡಂನಲ್ಲಿ ಟೀಚರಾಗಿದ್ದ ಪ್ರಮಿತಾ ಬರೆದದ್ದು ಇನ್ನೊಂದು. ಆದರೆ ಮೊದಲು ಹಾಕಬೇಕಾದದ್ದು ಯಾವುದೆಂಬ ಬಗ್ಗೆ ಇಬ್ಬರಿಗೂ ಅನುಮಾನವಿರಲಿಲ್ಲ.

'ಬಷೀರಾ ಆಪಾಂದೇ ಹಾಕಮು. ಆಕಿ ಒಳಗ ಬಂದಾಳ, ಅರಿಶಿಣ ಕಲಸ್ಲಿಕತ್ತಾಳ' ಎಂದ ಅಜಯಕುಮಾರ. ಸಿ.ಡಿ. ಸುತ್ತಿದ್ದ ಬಟ್ಟೆ ನೋಡಿ, 'ಇದೇನಲೇ, ಮಡಿ ಮಾಡಿ ತಂದೀ?' ಎಂದು ನಕ್ಕ.

ಬೀಗರ ಲಾರಿ ಬಂತು. ಸುಲೇಪೇಟದ ರಾಮಲಿಂಗಪ್ಪ, ಮದುಮಗನ ತಂದೆ, ಇಸ್ತ್ರಿ ಮಾಡಿದ ಧೋತರ ಮುದುಡೀತೆಂದು ಎರಡು ಕೈಯಲ್ಲೂ ಎತ್ತಿ ಹಿಡಿದು ಇಳಿದ. ಹಿಂದೆ ಅವನ ಹೆಂಡತಿ ಅನಸುಬಾಯಿ, ಹುಡುಗರು, ಮಕ್ಕಳು, ಗಂಟುಗಳು. ಖಂಡೆಪ್ಪ ತಲೆಗೆ ಪಟಕಾ ಸುತ್ತಿಕೊಂಡು ಎದುರಿಗೆ ಹೋಗಿ ಅಪ್ಪಿಕೊಂಡ. ಅಜಯಕುಮಾರ ಗುಂಡಿ ಒತ್ತಿದ. ಮಷಿನ್ನಿನ ಟಕಟಕ, ಮೇಲೆ ಕಲ್ಲಿನ ಟಿಣ್ ಟಿಣ್, ಆಮೇಲೆ ಬಷೀರಾಳ ದನಿ ಓಣಿಯ ಎರಡೂ ಗೋಡೆಗೆ ತಾಗುತ್ತ ಹರಿಯಿತು. ಸುಮಧ್ವ ಟೆಂಪೊದ ಹಿಂದಿನ ಕಂಬಿಯನ್ನು ಹಿಡಿದು ನಿಂತ. ಸಾವಿರ ಸಲ ಕೇಳಿದ ಹಾಡು ಈಗ ಬೇರೆಯವರ ಕಿವಿಯಿಂದ ಅವನಿಗೆ ಕೇಳತೊಡಗಿತು. ಅಲ್ಲಿ ಒಂದು ಕ್ಷಣ ಹೆಚ್ಚು ಎಳೆಯಿತೇನೋ, ಇಲ್ಲಿ ಕಲ್ಲು ಜೋರಾಯಿತೇನೋ. ಹುಡುಗರು ಎರಡು ಹೆಜ್ಜೆ ಕುಣಿದರು, ನಿಂತರು. ಪಲ್ಲವಿ ಮುಗಿದು ಚರಣಕ್ಕೆ ಹೋಗುವ ಸಂದಿ ಬಂತು. ಆ ಸಂದಿಯಲ್ಲಿ ಎಲ್ಲರೂ ಕಿವಿ ನಿಮಿರಿಸಿದರು. ಸುಮಧ್ವನಿಗೂ ತಿಳಿಯದೆ ಅವನ ಕಿವಿಯೂ ನಿಮಿರಿತು. ಅಲ್ಲಿ ಏನೂ ಬರಲಿಲ್ಲ.

ಸುಲೇಪೇಟದ ಹುಡುಗನೊಬ್ಬ ಟೆಂಪೊದ ಹತ್ತಿರ ಬಂದ. 'ಅಣ್ಣಾ, ಇದು ಅಸಲಿ ಹಾಡು ಹಾಕೀರಿ. ಮಿಕ್ಸಿಂಗ್ ಮಾಡಿದ್ದು ಹಾಕ್ರಿ.'

'ಇದೇ... ಇದು ಹೊಸಾದು' ಎಂದ ಸುಮಧ್ವ.

'ಹೊಸಾದಿದ್ರ ನಿಮ್ಮ ಹೆಸರು ಬರ್ತಿತ್ತಲ್ಲ. ನಮಗ ಗೊತ್ತಿಲ್ಲೇನು? ನಮ್ಮೂರಾಗ ಎಲ್ಲಾ ನಿಮ್ಮವೇ ಕ್ಯಾಸೆಟ್ ಅವ. ಇದು ಯಾವುದೋ ಹಳೀದು. ಛಂದದ, ಖರೇ. ಆದ್ರ ಇದಕ್ಕ ಜರಾ ನಿಮ್ಮ ಕೈ ಹಚ್ಚಿ ಕೊಡ್ರಿ.'

ಹುಟ್ಟಿದಾರಭ್ಯ ಮೊದಲ ಸಲ ಅಸಲಿ ಮಾಡಿದ್ದೇನೆ, ಇದಕ್ಕೂ ಮಿಕ್ಸಿಂಗ್ ಬೇಕಂತೆ. ಅಷ್ಟರಲ್ಲಿ ಖಂಡೆಪ್ಪ ರಾಮಲಿಂಗಪ್ಪನ ಹೆಗಲ ಮೇಲೆ ಕೈಹಾಕಿಕೊಂಡು ಅಲ್ಲಿಗೇ ಬಂದ. ಖಂಡೆಪ್ಪನ ನೆನಪಿನ ಶಕ್ತಿ ಭಂಕೂರದಲ್ಲಿ ಹೆಸರಾದದ್ದು. ಯಾವ ವರ್ಷ ಯಾವ ಗಣಿಯಲ್ಲಿ ಎಷ್ಟು ಆಳಕ್ಕೆ ಕಲ್ಲು ಸಿಕ್ಕಿತೆಂದು ಹೇಳುತ್ತಿದ್ದ, ಸಿಕ್ಕದಿದ್ದ ಕಲ್ಲಿನದನ್ನೂ ಹೇಳುತ್ತಿದ್ದ. 'ಬೀಗರೆ, ಈ ಹಾಡು ಕೇಳ್ರಿ' ಎಂದ. 'ನಾ ಸಣ್ಣಾವಿದ್ದಾಗ ಗುಲ್ಬರ್ಗಾದಾಗ ತಂಬೂ ಹಾಕಿ ಸಿನಿಮಾ ತೋರಿಸ್ತಿದ್ರು, ಅದರಾಗ ಇತ್ತು ಇದು. ಹೀರೋಯಿನ್ ಮಷಿನ್ ತುಳೀತಾಳ, ಹೀರೋ ಬಾಗಲದಾಗ ನಿಂದರ್ತಾನ. ನನಗ ಕಣ್ಣಿಗಿ ಕಟ್ಟಿದಂಗದ. ಭಾಳ ಹಳೀ ಹಾಡು. ಹೌದಲ್ಲೇನ್ರಿ ಆಚಾರ್ರ?'

ಬೀಗರೆಲ್ಲ ಸುಮಧ್ವನ ಕಡೆ ನೋಡಿದರು. ಮದುವೆ ಮನೆಯ ಹಿರಿಯ, ಬೀಗರ ಎದುರಿಗೆ, ಪಟಕಾ ಸುತ್ತಿಕೊಂಡು ಹೇಳಿದ ಮಾತು. ಅಲ್ಲ ಎಂದರೆ ಖಂಡೆಪ್ಪನ ನೆನಪಿಗೂ ಮದುವೆಗೂ ಒಟ್ಟಿಗೇ ಕಲ್ಲು ಹಾಕಿದಂತೆ. ಇದೆಲ್ಲ ಅವನು ಆಮೇಲೆ ಹುಡುಕಿಕೊಂಡ ಸಬೂಬು. ಆ ಕ್ಷಣದಲ್ಲಿ ಮನಸ್ಸಿನೊಳಗೆ ಆದದ್ದು ಬೇರೆ: ಹಳೆಯದು ಎನ್ನಿಸುವಷ್ಟು ಚೆನ್ನಾಗಿ ಬಂದಿದೆಯಲ್ಲ ಎಂದು ಒಂದು ಹುಚ್ಚು ಖುಷಿ. ಜೊತೆಗೆ ವರ್ಷಗಳ ರೂಢಿ. ಅಂಗಡಿಗೆ ಬಂದವರು 'ಹಳೀದಲ್ಲೇನ್ರಿ?' ಎಂದು ಕೇಳುವುದು, ಅವನು ತಲೆಯಾಡಿಸುವುದು, ಕೈ ತಿರುಗಿಸಿದರೆ ನಲ್ಲಿಯಲ್ಲಿ ನೀರು ಬರುವ ಹಾಗೆ ನಡೆದು ಬಂದಿತ್ತು. 'ಹೌದ್ರಿ ಕಾಕಾ' ಎಂದ. 'ಹಳೀದು.'

ಅಂದು ತಿರುಗಿದರೆ, ಕಟ್ಟೆಯ ಮೇಲೆ ಬಷೀರಾ. ಬೀಗರ ಕಾಲಿಗೆ ಹಾಕಲು ನೀರಿನ ಚರಿಗೆ ಹಿಡಿದು ಬಂದಿದ್ದಳು. ಮೊಣಕೈವರೆಗೂ ಅರಿಶಿಣ. ಅವಳು ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. ಅಳತೆ ತಪ್ಪಿ ಹೊಲಿದ ಕುಪ್ಪಸವನ್ನು ನೋಡುವ ಹಾಗೆ ಅವನನ್ನು ಒಮ್ಮೆ ನೋಡಿ, ಚರಿಗೆಯನ್ನು ಇಟ್ಟು ಒಳಗೆ ಹೋದಳು.

ಹಾಡು ಮುಗಿಯುವ ಮೊದಲೇ ಅಜಯಕುಮಾರ ಅದನ್ನು ತೆಗೆದು ಹಳೆಯ ಕ್ಯಾಸೆಟ್ ಹಾಕಿದ. ಹಾಕದೆ ಅವನಿಗೂ ಗತಿಯಿರಲಿಲ್ಲ, ಹುಡುಗರು ಟೆಂಪೊ ಹತ್ತುವುದರಲ್ಲಿದ್ದರು. 'ಸುಮಧ್ವ ಮಿಕ್ಸಿಂಗ್, ಶಹಾಬಾದ... ಬಾದ...' ಎಂದು ಬಾವಿಯೊಳಗಿನ ದನಿ ಕೂಗಿತೋ ಇಲ್ಲವೋ, ಓಣಿ ತುಂಬ ಸಿಳ್ಳೆ ಎದ್ದಿತು. ಸುಲೇಪೇಟದ ಹುಡುಗ ದೂರದಿಂದಲೇ ಹೆಬ್ಬೆರಳೆತ್ತಿ ತೋರಿಸಿದ. ಸುಮಧ್ವನೂ ಹೆಬ್ಬೆರಳೆತ್ತಿದ. ಎತ್ತಿದ ಬೆರಳನ್ನು ಇಳಿಸುವುದು ಮರೆತು ಎಷ್ಟೋ ಹೊತ್ತು ಹಾಗೆಯೇ ನಿಂತಿದ್ದ.

ಪೆಂಡಾಲಿನ ಹಿಂದೆ, ಅಡಿಗೆಯವರು ಒಲೆ ಹೂಡಿದಲ್ಲಿ, ಮಡಚುವ ಕುರ್ಚಿಯೊಂದನ್ನು ಎಳೆದುಕೊಂಡು ಕೂತ. ಯಾರೋ ಕೈಗೆ ಬದನೆಕಾಯಿಯ ತಟ್ಟೆ ಕೊಟ್ಟು ತೊಟ್ಟು ತೆಗೆಯಲು ಹೇಳಿದರು, ತೆಗೆಯತೊಡಗಿದ. ತೆಗೆಯುತ್ತ ಒಂದು ವಿಚಿತ್ರ ಭಯ ಮೆಲ್ಲಗೆ ಮೇಲೆದ್ದಿತು. ಖಂಡೆಪ್ಪ ಹೇಳಿದ್ದು ನಿಜವೇ ಇದ್ದರೆ? ಎಷ್ಟು ಸಾವಿರ ಹಾಡುಗಳನ್ನು ಈ ಕಿವಿ ನುಂಗಿದೆ, ಯಾವುದೋ ಒಂದರ ಎಳೆ ಒಳಗೇ ಉಳಿದು, ಕಲ್ಲಿಗೆ ಸ್ವರ ಕೂಡಿಸುವಾಗ ಬೆರಳಿಗೆ ಬಂದಿದ್ದರೆ? ಬಷೀರಾ ಗುನುಗಿದ ಮೊದಲ ಸಾಲು ಅವಳ ತಾಯಿಯದಾಗಿದ್ದರೆ, ತಾಯಿಯದು ತಾಯಿಯ ತಾಯಿಯದಾಗಿದ್ದರೆ? ಹೀಗೆ ಹಿಂದೆ ಹಿಂದೆ ಹೋಗುತ್ತ, ಹೋಗುತ್ತ, ಯಾರದೂ ಅಲ್ಲದ ಒಂದು ಗುನುಗಿನವರೆಗೆ ಮುಟ್ಟಿ ಅವನಿಗೆ ತಲೆ ತಿರುಗಿತು. ಅತ್ತೆ ತುಳಸಿಯ ಮುಂದೆ ಹಾಡುವ ರಾಗಗಳೂ ದಾಸರ ಕಾಲದವೇ ಎಂದು ಯಾರು ಕಂಡಿದ್ದಾರೆ? ಹೊಸದೆಂದು ಎದೆ ತಟ್ಟಿಕೊಳ್ಳಲು ಇಲ್ಲಿ ಯಾರಿಗೆ ತಾನೇ ಬರುತ್ತದೆ? ಈ ವಿಚಾರ ಅವನಿಗೆ ಭಾರಿ ಗಹನವೆನ್ನಿಸಿತು. ಎಷ್ಟು ಗಹನವೆಂದರೆ ಅದರ ಅಡಿಯಲ್ಲಿ ತಾನು ಅಡಗಿ ಕೂರಬಹುದಿತ್ತು. ಹಾಗೆ ಅಡಗುತ್ತಿದ್ದೇನೆ ಎಂದು ಗೊತ್ತಾದದ್ದು, ಬದನೆಕಾಯಿಯೊಂದು ಕೈಜಾರಿ ಕಾಲ ಮೇಲೆ ಬಿದ್ದಾಗ. ಬಿಸಿಲಿಗೆ ಫಾಲ್ ಹಚ್ಚುವ ಮಾತು ಯಾವ ತಂಬೂವಿನಲ್ಲೂ ಇರಲಿಲ್ಲ. ಅದು ಮಸೂತಿಯ ಹಿಂದಿನ ಓಣಿಯಲ್ಲಿ, ಅವನ ಮೈಕಿನ ಎದುರಿಗೆ, ಹಲ್ಲಿನಿಂದ ದಾರ ಕಡಿಯುವ ಒಬ್ಬಳ ಬಾಯಿಂದ ಬಂತು. ಅದು ಅವನಿಗೆ ಗೊತ್ತಿತ್ತು. ಇಡೀ ಮದುವೆ ಮನೆಯಲ್ಲಿ, ಅವಳನ್ನು ಬಿಟ್ಟರೆ, ಅದು ಹುಟ್ಟಿದ್ದನ್ನು ಕೇಳಿದವನು ಹೆಚ್ಚುಕಡಿಮೆ ಅವನೊಬ್ಬನೇ, ಮತ್ತು ಅವನೇ ಅದನ್ನು ಹಳೆಯದೆಂದಿದ್ದ.

ಪೆಂಡಾಲಿನಲ್ಲಿ ಸುರಗಿಗೆ ಕರೆದರು. ನಾಲ್ಕು ಮೂಲೆಗೆ ನಾಲ್ಕು ಚೆಂಬು ಇಟ್ಟು ನೂಲು ಸುತ್ತಿ, ನಡುವೆ ಮದುಮಗಳನ್ನೂ ಮದುಮಗನನ್ನೂ ಕೂಡಿಸಿ ನೀರೆರೆಯುವ ಶಾಸ್ತ್ರ. ಒಂದು ಬದಿಗೆ ಬೀಗರು ಚಾಪೆಯ ಮೇಲೆ, ಇನ್ನೊಂದು ಬದಿಗೆ ಹಾಡುವ ಹೆಂಗಸರು. ಅಜಯಕುಮಾರ ಮೈಕನ್ನು ಅವರ ನಡುವೆ ನಿಲ್ಲಿಸಿದ. ಮಾಶಾಬಿ ಢೋಲಕ್ಕಿನ ಹಗ್ಗ ಬಿಗಿದು, ಎಲೆಅಡಿಕೆಯನ್ನು ದವಡೆಗೆ ಸರಿಸಿ, ಎರಡು ಸಲ ತಟ್ಟಿದಳು. ಬಷೀರಾ ಶುರು ಮಾಡಿದ ರಾಗ ಕೇಳಿ ಸುಮಧ್ವ ತಟ್ಟೆ ಕೆಳಗಿಟ್ಟು ಎದ್ದು ಬಂದ.

ಸುಲೇಪೇಟ ರಾಮಲಿಂಗಪ್ಪನ ಧೋತರ ಅಂಚು ಹರದಾದ,
ಕುಂದ್ರಿ ಜರಾ, ಫಾಲ್ ಹಚ್ಚತೀನಿ.

ಹೆಂಗಸರು ಗೊಳ್ಳೆಂದರು. ರಾಮಲಿಂಗಪ್ಪ ನಿಜವಾಗಿಯೂ ಧೋತರದ ಅಂಚು ಹುಡುಕಿ ನೋಡಿಕೊಂಡಿದ್ದು ಇನ್ನಷ್ಟು ನಗೆಗೆ ಕಾರಣವಾಯಿತು. ಆಮೇಲೆ ಅನಸುಬಾಯಿಯ ಸೆರಗು, ಆಮೇಲೆ ಮದುಮಗನ ಮೀಸೆ. ಎಲ್ಲದರ ಅಂಚೂ ಹರಿದಿತ್ತು, ಎಲ್ಲದಕ್ಕೂ ಬಷೀರಾಳ ಹತ್ತಿರ ಫಾಲ್ ಇತ್ತು. ಖಂಡೆಪ್ಪ ತೊಡೆ ತಟ್ಟಿದ. 'ನಾ ಹೇಳಲಿಲ್ಲೇನ್ರಿ ಬೀಗರೆ? ಹಳೀ ಹಾಡು. ನಮ್ಮ ಹೆಣ್ಮಕ್ಕಳಿಗೆಲ್ಲಾ ಬಾಯಿಪಾಠ ಅದ ನೋಡ್ರಿ.' ಹಾಡು ಕಟ್ಟಿದವಳು ತಾನೇ ಹಾಡಿದರೆ ಅದು ಇನ್ನಷ್ಟು ಹಳೆಯದಾಯಿತು. ಸುಮಧ್ವನಿಗೆ ನಗು ಬಂತು, ಅಳುವೂ ಬಂತು. ಬಷೀರಾ ಖಂಡೆಪ್ಪನ ಕಡೆ ನೋಡಲಿಲ್ಲ. ಢೋಲಕ್ಕಿನ ಎರಡು ಸುತ್ತು ಬಿಟ್ಟು, ಪೆಂಡಾಲಿನ ಕಂಬಕ್ಕೆ ಒರಗಿ ನಿಂತವನ ಮೇಲೆ ಕಣ್ಣಿಟ್ಟು, ಅದೇ ನಗೆಮೊಗದಿಂದ ಮುಂದಿನ ಸಾಲು ಎತ್ತಿದಳು.

ಶಹಾಬಾದ ಸುಮಧ್ವನ ಮಾತಿನ ಅಂಚು ಹರದಾದ,
ಕುಂದ್ರಿ ಜರಾ, ಫಾಲ್ ಹಚ್ಚತೀನಿ.

ಎಲ್ಲರೂ ನಕ್ಕರು. ಊರಿನ ಹುಡುಗನ ಕಾಲೂ ಎಳೆದಳಲ್ಲ ಎಂದು ಬೀಗರಿಗೆ ಸಮಾಧಾನ. ಅವನಿಗೆ ಮಾತ್ರ ಮುಖದ ಮೇಲೆ ಬಿಸಿ ಅನ್ನ ಚೆಲ್ಲಿದಂತಾಯಿತು. ಇಷ್ಟು ಮೆತ್ತಗೆ ಇಷ್ಟು ಖಾರವನ್ನು ಯಾರೂ ಅವನಿಗೆ ಉಣಿಸಿರಲಿಲ್ಲ. ಓಡಿಹೋಗಲು ಪೆಂಡಾಲಿಗೆ ಮೂರು ಕಡೆ ದಾರಿಯಿತ್ತು. ಅವನು ನಾಲ್ಕನೆಯ ಕಡೆ, ಸುರಗಿಯ ನೂಲು ತುಳಿಯದ ಹಾಗೆ ಸುತ್ತುಹಾಕಿ, ಬೀಗತಿಯರ ಕಾಲು ದಾಟಿ, 'ಜರಾ ಸರೀರಿ, ಜರಾ ಸರೀರಿ' ಎನ್ನುತ್ತ ಹಾಡುವವರ ನಡುವೆ ಹೋಗಿ, ಕುಂದ್ರಿ ಎಂದಿದ್ದಳಲ್ಲ, ಕೂತೇಬಿಟ್ಟ. ಮೈಕನ್ನು ತನ್ನ ಕಡೆ ತಿರುಗಿಸಿದ. ಮಾಶಾಬಿಯ ಕೈ ನಿಂತಿತು. ಗೆಳೆಯ ಮೈಕು ಹಿಡಿದದ್ದನ್ನು ಕಂಡ ಅಜಯಕುಮಾರ, ರೂಢಿಯಂತೆ, ಪ್ರತಿಧ್ವನಿಯ ಗುಂಡಿ ತಿರುಗಿಸಿದ.

'ಖಂಡೆಪ್ಪ ಕಾಕಾ, ನಾ ಸುಳ್ಳು ಹೇಳಿದೆ... ಹೇಳಿದೆ... ಹೇಳಿದೆ' ಎಂದಿತು ಪೆಂಡಾಲು. 'ಈ ಹಾಡು ಹಳೀದಲ್ಲ. ಇದು ಈಕೀ ಕಟ್ಟಿದ್ದು, ಈಕೀದೇ ಹಾಡು.' ಆಗ ವರ್ಷಗಳಿಂದ ಗಂಟಲಿನಲ್ಲಿ ಮನೆಮಾಡಿದ್ದ ಆ ಬಾವಿಯೊಳಗಿನ ದನಿ ತಾನಾಗಿಯೇ ಎದ್ದು ಬಂತು: 'ಬಷೀರಾ, ಶಹಾಬಾದ... ಬಾದ... ಬಾದ...'

ಸುಲೇಪೇಟದ ಹುಡುಗರು ಚಾಪೆಯ ಮೇಲೆಯೇ ಎದ್ದು ಸಿಳ್ಳೆ ಹೊಡೆದರು. 'ಹೆಸರು ಬಂತು' ಎಂದ ಒಬ್ಬ. 'ಹೊಸಾದಂತ ಮೊದಲೇ ಹಿಂಗ ಹೇಳಬೇಕಲ್ಲಣ್ಣ.' ರಾಮಲಿಂಗಪ್ಪ ಬೀಗನ ಮುಖ ನೋಡಿದ. ಬೀಗರೆಲ್ಲ ನೋಡಿದರು. ಖಂಡೆಪ್ಪ ಪಟಕಾ ಸರಿಮಾಡಿಕೊಂಡ. ಮೀಸೆಯ ಮೇಲೆ ಕೈಯಾಡಿಸಿದ. ಸುಮಧ್ವ ತಲೆ ತಗ್ಗಿಸಿ ಬೈಗುಳಕ್ಕೆ ಕಾದ.

'ಹೊಸಾದೇನು?' ಎಂದ ಖಂಡೆಪ್ಪ ಕೊನೆಗೆ. 'ಅದಕ್ಕ ಮತ್ತ ನನಗ ಎರಡನೇ ಚರಣ ನೆನಪು ಬರವಲ್ದಾಗಿತ್ತು.'

ರಾಮಲಿಂಗಪ್ಪ ಮೊದಲು ನಕ್ಕ, ಆಮೇಲೆ ಎಲ್ಲರೂ. ನಗು ಇಳಿಯಿತು. ಬಷೀರಾ ಅರಿಶಿಣದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಅವಳ ಕತ್ತು ಸ್ವಲ್ಪ ಉದ್ದವಾದಂತೆ ಕಂಡಿತು.

'ಢೋಲಕ್ ಜೋರಿತ್ತು ಭಾಯಿ' ಎಂದಳು. 'ನನಗ ಕೇಳಲಿಲ್ಲ. ಇನ್ನೊಮ್ಮಿ ಹೇಳ್ರಿ.'

ಢೋಲಕ್ ನಿಂತು ಎಷ್ಟು ಹೊತ್ತಾಗಿತ್ತು ಎಂಬುದು ಇಡೀ ಪೆಂಡಾಲಿಗೆ ಗೊತ್ತಿತ್ತು. ಮಾಶಾಬಿ ಮಗಳ ಮುಖ ನೋಡಲಾರದೆ ಢೋಲಕ್ಕಿನ ಹಗ್ಗ ನೋಡಿದಳು. ಸುಮಧ್ವ ಅಜಯಕುಮಾರನಿಗೆ ಕೈಸನ್ನೆ ಮಾಡಿದ, ಪ್ರತಿಧ್ವನಿ ಹೋಯಿತು.

'ಬಷೀರಾ' ಎಂದ. ಬರಿಯ ದನಿ, ಬಾವಿ ಇಲ್ಲ, ಬಾಲ ಇಲ್ಲ. ಹೆಸರು ಒಮ್ಮೆ ಬಂದು ಅಲ್ಲೇ ನಿಂತಿತು.

ಅವಳು ಕಣ್ಣು ಮುಚ್ಚಿ ಅದನ್ನು ಪೂರ್ತಿ ಕೇಳಿದಳು. ಬೆಳಿಗ್ಗೆ ಅತ್ತೆ ಹೆಡ್‌ಫೋನ್ ಹಾಕಿಕೊಂಡು ಕೂತದ್ದು ಹೀಗೆಯೇ. ಆಮೇಲೆ ಮೈಕನ್ನು ಅರಿಶಿಣದ ಬೆರಳಿನಿಂದ ಅವನ ಕಡೆಗೇ ಇನ್ನಷ್ಟು ಸರಿಸಿ, 'ಈಗ ನಿಮ್ಮದು ಹೇಳ್ರಿ' ಎಂದಳು.

ಮೂರು ತಾಲೂಕಿನ ಗೋಡೆಗಳಿಗೆಲ್ಲ ಬಾಯಿಪಾಠವಾದ ಹೆಸರು ಅದು. ಆದರೆ ಹಿಂದೆ ಢೋಲಿಲ್ಲದೆ, ಮುಂದೆ ಮಿಕ್ಸಿಂಗ್ ಇಲ್ಲದೆ, ಅದನ್ನು ಅವನು ಎಂದೂ ಹೇಳಿರಲಿಲ್ಲ. ಕ್ಲಾಸಿನಲ್ಲಿ ಮೊದಲ ದಿನ ಎದ್ದು ನಿಂತವನ ಹಾಗೆ, ಮೆಲ್ಲಗೆ, ತನಗೇ ಹೊಸದೆನ್ನುವಂತೆ ಹೇಳಿದ.

'ಸುಮಧ್ವ.'

ಮಾಶಾಬಿ ಢೋಲಕ್ಕನ್ನು ಮೊಣಕಾಲ ಕೆಳಗೆ ಎಳೆದುಕೊಂಡಳು. ಬಷೀರಾ ಹಾಡನ್ನು ಮೊದಲಿನಿಂದ ಶುರು ಮಾಡಿದಳು.